ಚಿಕಿತ್ಸೆಯಲ್ಲಿರುವವರೂ ಇ-ಸಿಗರೇಟೂ
(ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರನ್ನುದ್ದೇಶಿಸಿ ಮಾಡಿದ ಭಾಷಣ)



ಮದ್ಯದ ವಾಸನೆಯನ್ನೂ ಬೀಡಿಯ ಹೊಗೆಯನ್ನೂ ದೂರದಿಂದಲೇ ಗುರುತಿಸಬಲ್ಲ ನಮಗೆ, ಪೆನ್ನಿನಂತೆ ತೋರುವ ಇ-ಸಿಗರೇಟು ಸುಲಭವಾಗಿ ತಿಳಿಯದು. ಬ್ಯಾಟರಿಯ ಕಾವಿಗೆ ಅದರೊಳಗಿನ ದ್ರವವು ಆವಿಯಾಗುತ್ತದೆ. ಆ ದ್ರವದಲ್ಲಿ ನಿಕೋಟಿನ್ ಮಾತ್ರವಲ್ಲದೆ ಗಾಂಜಾದ ಸಾರವೂ ಇರಬಹುದು. ವ್ಯಸನಮುಕ್ತಿ ಚಿಕಿತ್ಸೆಯಲ್ಲಿರುವವನು ಇದಕ್ಕೆ ಮೊರೆಹೋದರೆ, ಬಾಯಿ ನಾರುವುದಿಲ್ಲವಾದ್ದರಿಂದ ಮನೆಯವರು ಗುಣವಾಯಿತೆಂದೇ ನಂಬುತ್ತಾರೆ. ಔಷಧಿಯ ವಿಚಾರಣೆಯೂ ನಿಲ್ಲುತ್ತದೆ.

ಇದರ ಮಾರಾಟವನ್ನು ಕರ್ನಾಟಕವು 2016ರಲ್ಲಿಯೇ ನಿಷೇಧಿಸಿತು. ಕೇಂದ್ರದ 2019ರ ಕಾಯ್ದೆಯನ್ವಯ ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಆ ಕಾಠಿಣ್ಯ ಮಾರುವವನಿಗಿರಲಿ. ಸೇದಿದವನನ್ನು ಅರಳಿಕಟ್ಟೆಗೆ ಕರೆಸಿ ಛೀಮಾರಿ ಹಾಕಿದರೆ ಅವನು ಆಸ್ಪತ್ರೆಯ ದಾರಿಯನ್ನೇ ಬಿಟ್ಟಾನು. ಅಲ್ಪ ಪ್ರಮಾಣದ ಪ್ರಕರಣದಲ್ಲಿ, ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಬರುವ ವ್ಯಸನಿಗೆ 1985ರ ಮಾದಕ ದ್ರವ್ಯ ಕಾಯ್ದೆಯ 64ಎ ಕಲಮು ರಕ್ಷಣೆ ನೀಡುತ್ತದೆ. ಈ ಮಾತು ಮನೆಮನೆಗೆ ತಲುಪಿಲ್ಲ, ತಲುಪಿಸತಕ್ಕವರು ತಾವೇ.

ಆಶಾ ಕಾರ್ಯಕರ್ತೆಯರ ನೆರವಿನಿಂದ, ಗುಟ್ಟು ಕಾಯ್ದು, ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿರಿ. ಏನನ್ನು ಸೇದಿದನೆಂಬುದನ್ನು ವೈದ್ಯರಲ್ಲಿ ಮುಚ್ಚಿಡಬಾರದು. ಮಾತ್ರೆಯ ಪ್ರಮಾಣ ಅದನ್ನವಲಂಬಿಸಿದೆ. ಸಹಾಯವಾಣಿ 14446, ಟೆಲಿ ಮಾನಸ್ 14416 ಸಂಖ್ಯೆಗಳನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಯಿಸುವುದು.