ಮುಂದಿನ ತಿಂಗಳು ಮತ್ತೆ ಬರುವ ವೀರ



ಕನ್ನಡದ ಅಗ್ಗದ ಸಾಹಸ ಕಾದಂಬರಿಗಳು, ಪತ್ತೇದಾರಿ ಪುಸ್ತಕಗಳು, ಅವುಗಳ ನಾಯಕರು, ಇವುಗಳನ್ನು ಓದುವ ಸುಖ ಮತ್ತು ಬರೆಯುವ ಕಸುಬು: ಇದು ನಮ್ಮ ಸಂಕಿರಣದ ವಿಷಯ. ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲಿ ಇದು ನಡೆಯುತ್ತಿರುವುದು ನನಗೆ ಬಹಳ ಸಂತೋಷ ಕೊಟ್ಟಿದೆ. ಶಾಬಾದಿಮಠ ಬುಕ್ ಡಿಪೋದಂಥ ಇಲ್ಲಿನ ಪ್ರಕಾಶಕರು ಪುರಾಣ, ಸಣ್ಣಾಟ, ನಾಟಕ, ಭಜನೆಯ ಪುಸ್ತಕಗಳನ್ನು ಕಡಿಮೆ ಬೆಲೆಗೆ ಅಚ್ಚು ಹಾಕಿ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೆ ಮುಟ್ಟಿಸಿದರು. ಪುಸ್ತಕ ಎಂದರೆ ಗಾಜಿನ ಕಪಾಟಿನ ವಸ್ತು ಎಂಬ ಭಯವನ್ನು ಈ ಭಾಗದ ಜನರಿಂದ ಬಿಡಿಸಿದ್ದು ಅಂಥ ಪುಸ್ತಕಗಳು. ಇದಕ್ಕೂ ಹಿಂದೆ, ಇಲ್ಲಿಗೆ ಹತ್ತಿರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಓಲೆ ಪ್ರತಿಗಳನ್ನು ಬರೆಸಿ ಹಂಚಿದವಳು. ಒಂದು ಕೃತಿ ಹೆಚ್ಚು ಕೈಗಳಿಗೆ ಹೋಗಬೇಕು ಎಂಬ ಹಂಬಲ ಈ ಸೀಮೆಗೆ ಹೊಸದಲ್ಲ.

ವಿಷಯಕ್ಕೆ ಬರುತ್ತೇನೆ. ಬೆಟಗೇರಿಯ ವೀರಗಲ್ಲುಗಳನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ನಮ್ಮ ನಾಡಿನ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಎತ್ತಿದ ಕತ್ತಿ, ಹೂಡಿದ ಬಾಣ, ಕೆಲವು ಕಲ್ಲುಗಳಲ್ಲಿ ತುರುಗಳ ಹಿಂಡು. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ, ತಲೆಯ ಮೇಲೆ ಸೂರ್ಯ ಚಂದ್ರ. ಮೂರು ಚಿತ್ರಗಳಲ್ಲಿ ಪೂರ್ತಿ ಒಂದು ಸಾಹಸ ಕಥೆ. ಆದರೆ ಆ ಕಥೆಗೆ ಒಂದು ಕಟ್ಟಳೆಯಿದೆ: ವೀರ ಸಾಯಲೇಬೇಕು. ಸತ್ತರೆ ಮಾತ್ರ ಕಲ್ಲು.

ಲಾವಣಿಯ ಕಟ್ಟಳೆಯೂ ಅದೇ. 1858ರಲ್ಲಿ ಮುಂಡರಗಿ ಭೀಮರಾಯ ಹಮ್ಮಿಗಿಯ ಕೆಂಚನಗೌಡನ ಜೊತೆ ಬ್ರಿಟಿಷರ ವಿರುದ್ಧ ಎದ್ದ. ಸರ್ಕಾರಿ ನೌಕರಿ ಮಾಡಿ ಆ ಆಡಳಿತದ ಒಳಗುಟ್ಟು ಬಲ್ಲ ಮನುಷ್ಯ ಅವನು. ಹಮ್ಮಿಗಿಯಲ್ಲಿ ಗುಟ್ಟಾಗಿ ಕೂಡಿಟ್ಟಿದ್ದ ಆಯುಧಗಳು ಬ್ರಿಟಿಷರ ಕಣ್ಣಿಗೆ ಬಿದ್ದವು. ಇನ್ನು ಕಾಯುವ ಹಾಗಿರಲಿಲ್ಲ. ಡಂಬಳದ ಖಜಾನೆ ಲೂಟಿಯಾಯಿತು, ಬಂಡಾಯಗಾರರು ಕೊಪ್ಪಳದ ಕೋಟೆ ಹಿಡಿದರು. ಜೂನ್ 1ರಂದು ಕೋಟೆ ಬಿತ್ತು, ಭೀಮರಾಯನೂ ಕೆಂಚನಗೌಡನೂ ಬಿದ್ದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಲ್ಲಿಸಿದ, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಬಯಲಾದ ಗುಟ್ಟು, ಅವಸರದ ನಿರ್ಧಾರ, ರಾತ್ರಿಯ ಕುದುರೆ ಸವಾರಿ, ಕೋಟೆಯ ಬಾಗಿಲು, ಸಾಹಸ ಕಾದಂಬರಿಕಾರ ಕೇಳುವ ಸಾಮಗ್ರಿಯೆಲ್ಲ ಇಲ್ಲಿದೆ. ಕೊನೆಯಲ್ಲಿ ಮಾತ್ರ ಪಾರಾಗುವ ದಾರಿ ಇಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹಾಡಿದ ಅಭಿಮನ್ಯುವಿಗೂ ಇದೇ ಕೊರತೆ. ಚಕ್ರವ್ಯೂಹದ ಒಳಗೆ ಹೋಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲ. ಗಮಕಿ ದ್ರೋಣಪರ್ವ ಹಿಡಿದ ರಾತ್ರಿ ಹುಡುಗ ಹಿಂತಿರುಗುವುದಿಲ್ಲ ಎಂದು ಗೊತ್ತಿದ್ದೇ ಜನ ಬಂದು ಕೂರುತ್ತಿದ್ದರು, ಅಳುತ್ತಿದ್ದರು.

ಅಚ್ಚಿನ ಯಂತ್ರ ಮತ್ತು ಅಗ್ಗದ ಕಾಗದ ಈ ಕಟ್ಟಳೆಯನ್ನು ತಿರುವಿ ಹಾಕಿದವು. ತಿಂಗಳಿಗೊಂದು ಪುಸ್ತಕ ತರಬೇಕಾದ ಪ್ರಕಾಶಕನಿಗೆ ನಾಯಕ ಸತ್ತರೆ ಅಂಗಡಿ ಮುಚ್ಚಿದ ಹಾಗೆ. ಇಂಗ್ಲೆಂಡಿನಲ್ಲಿ ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಂಡರು. ಓದುಗರು ಸುಮ್ಮನೆ ಬಿಡಲಿಲ್ಲ, ಹತ್ತು ವರ್ಷದಲ್ಲಿ ಅವನು ಬದುಕಿ ಬಂದ. ಅಮೆರಿಕದಲ್ಲಿ 1896ರಿಂದ ಮರದ ತಿರುಳಿನ ಒರಟು ಕಾಗದದ ಮೇಲೆ ‘ಆರ್ಗಸಿ’ ಪತ್ರಿಕೆ ಬಂತು. ಆಮೇಲೆ ಅಂಥ ಪತ್ರಿಕೆಗಳ ಸಾಲೇ ಹುಟ್ಟಿತು, ಟಾರ್ಜಾನ್, ಜಾರೋ, ಡಾಕ್ ಸ್ಯಾವೇಜ್ ಅಲ್ಲಿಂದಲೇ ಎದ್ದು ಬಂದರು. ಯಾರೂ ಸಾಯುವವರಲ್ಲ.

ಇಲ್ಲಿಯೇ ಸಾಹಸ ಬರವಣಿಗೆಯ ಕಸುಬು ಹುಟ್ಟುತ್ತದೆ ಎಂದು ನನ್ನ ನಂಬಿಕೆ. ನಾಯಕ ಉಳಿಯುತ್ತಾನೆ ಎಂದು ಮೊದಲ ಪುಟದಲ್ಲೇ ಓದುಗನಿಗೆ ಗೊತ್ತು. ಗೊತ್ತಿದ್ದೂ ಅವನ ಎದೆ ಹೊಡೆದುಕೊಳ್ಳಬೇಕು. ಬದುಕುತ್ತಾನೋ ಇಲ್ಲವೋ ಎಂಬುದಕ್ಕೆ ಬೆಲೆ ಇಲ್ಲದಾದಾಗ, ಹೇಗೆ ಪಾರಾಗುತ್ತಾನೆ ಎಂಬುದರಲ್ಲಿ ಕಥೆಯ ಜೀವವೆಲ್ಲ ಬಂದು ಕೂರುತ್ತದೆ. ಡಾಕ್ ಸ್ಯಾವೇಜ್ ಕಥೆಗಳನ್ನು ಬರೆದ ಲೆಸ್ಟರ್ ಡೆಂಟ್ ಆರು ಸಾವಿರ ಪದಗಳ ಕಥೆಯನ್ನು 1500 ಪದಗಳ ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲೂ ನಾಯಕನ ಮೇಲೆ ಕಷ್ಟವನ್ನು ಸಲಿಕೆಯಲ್ಲಿ ಸುರಿಯಿರಿ ಎಂದು ಹೊಸಬರಿಗೆ ಹೇಳಿಕೊಟ್ಟರು. ಇದನ್ನು ಸೂತ್ರ ಎಂದು ಹೀಯಾಳಿಸುವವರಿದ್ದಾರೆ. ಷಟ್ಪದಿಯೂ ಸೂತ್ರವೇ. ಸೂತ್ರದೊಳಗೆ ಏನು ಮಾಡಿ ತೋರಿಸಿದ ಎಂಬುದರ ಮೇಲೆ ಬರಹಗಾರನನ್ನು ತೂಗಬೇಕು. ನಾಯಕನನ್ನು ಹಾಕಿದ ಬಾವಿ ಆಳವಿರಬೇಕು. ಹತ್ತಲು ಸಿಕ್ಕ ಹಗ್ಗ ಮೊದಲೇ ಎಲ್ಲೋ ಓದುಗನ ಕಣ್ಣಿಗೆ ಬಿದ್ದು ಮರೆತುಹೋಗಿರಬೇಕು. ಮೇಲಿನಿಂದ ದಿಢೀರನೆ ಹಗ್ಗ ಇಳಿಬಿಟ್ಟರೆ ಓದುಗನಿಗೆ ಮೋಸ ಮಾಡಿದಂತೆ.

ನಮ್ಮಲ್ಲಿ ಈ ದಾರಿ ತೆರೆದವರು ಬಂಕಿಮರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು ಮತ್ತು ನಮ್ಮ ನೆರೆಯ ಹಾವೇರಿ ಸೀಮೆಯ ಗಳಗನಾಥರು. ಗಳಗನಾಥರ ‘ಮಾಧವ ಕರುಣಾವಿಲಾಸ’ದಂಥ ಐತಿಹಾಸಿಕ ಕಾದಂಬರಿಗಳಲ್ಲಿ ವೇಷ, ಸೆರೆ, ಸಂಚು, ಬಿಡುಗಡೆ ತುಂಬಿವೆ. ಅವನ್ನು ತಲೆಯ ಮೇಲೆ ಹೊತ್ತು ಊರೂರು ನಡೆದು ಮಾರಿದರು ಆ ಮಾಸ್ತರು. ಇದೇ ಹೊತ್ತಿಗೆ ಗದಗಿನ ಗರೂಡ ಸದಾಶಿವರಾಯರ ಕಂಪನಿ ರಂಗದ ಮೇಲೆ ಎಚ್ಚಮ ನಾಯಕನನ್ನು ತಂದಿತು. ವಿಜಯನಗರದ ಅರಸು ಮನೆತನವೇ ಸೆರೆಯಲ್ಲಿದ್ದಾಗ ಎಚ್ಚಮ ಒಬ್ಬ ಎಳೆಯ ರಾಜಕುಮಾರನನ್ನು ಅಗಸನ ಬಟ್ಟೆಗಂಟಿನಲ್ಲಿ ಅಡಗಿಸಿ ಕೋಟೆ ದಾಟಿಸಿದ ಎಂದು ಆ ಕಾಲದ ಪೋರ್ಚುಗೀಸ್ ಪಾದ್ರಿಯೊಬ್ಬ ಬರೆದಿಟ್ಟಿದ್ದಾನೆ. ಕೋಟೆಯ ಕಾವಲುಗಾರ, ಹೊಲಸು ಬಟ್ಟೆಯ ಗಂಟು, ಒಳಗೆ ಉಸಿರು ಹಿಡಿದ ಹುಡುಗ: ಇದಕ್ಕಿಂತ ಒಳ್ಳೆಯ ಅಧ್ಯಾಯವನ್ನು ಯಾವ ಕಾದಂಬರಿಕಾರ ಕಟ್ಟಬಲ್ಲ?

ಆದರೆ ತಿಂಗಳು ತಿಂಗಳೂ ಬದುಕಿ ಬರುವ ನಾಯಕನನ್ನು ಕನ್ನಡಕ್ಕೆ ಪೂರ್ತಿಯಾಗಿ ಕೊಟ್ಟವರು ಎನ್. ನರಸಿಂಹಯ್ಯನವರು. ಚಿಕ್ಕಮಗಳೂರಿನ ಕಡೆಯವರು, ಓದಿದ್ದು ನಾಲ್ಕನೆಯ ತರಗತಿ. ಹೊಟ್ಟೆಪಾಡಿಗೆ ಹಲವು ಕೆಲಸ ಮಾಡಿದರು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬಂತು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಕಾದಂಬರಿಗಳು 500 ದಾಟಿದ್ದವು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಹೆಸರುಗಳು ಒಂದು ತಲೆಮಾರಿಗೆ ನೆಂಟರ ಹೆಸರುಗಳಾಗಿದ್ದವು. ಅವರ ಕನ್ನಡದಲ್ಲಿ ತೊಡಕಿಲ್ಲ. ವಾಕ್ಯ ಚಿಕ್ಕದು, ಮಾತುಕತೆ ಜಾಸ್ತಿ, ಪುಟ ತಿರುಗುತ್ತಲೇ ಇರುತ್ತದೆ. ಅಕ್ಷರ ಕಲಿತು ಕೈಬಿಟ್ಟಿದ್ದ ನೇಕಾರ, ಹತ್ತಿ ಮಾರುಕಟ್ಟೆಯ ಹಮಾಲ, ಹೋಟೆಲಿನ ಮಾಣಿ, ಮಧ್ಯಾಹ್ನ ಅಡುಗೆಮನೆಯ ಬಾಗಿಲು ಸರಿಸಿಕೊಂಡು ಕೂತ ಗೃಹಿಣಿ ಮೊದಲ ಬಾರಿಗೆ ಒಂದು ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಿ ಮುಗಿಸಿದ್ದು ಇಂಥವುಗಳಿಂದ. ಆ ಗೆಲುವು ಸಣ್ಣದಲ್ಲ. ಒಂದು ಪುಸ್ತಕ ಮುಗಿಸಿದವನಿಗೆ ಇನ್ನೊಂದು ಎತ್ತಿಕೊಳ್ಳುವ ಧೈರ್ಯ ಬರುತ್ತದೆ. ಮುಂದೆ ಕಾರಂತರನ್ನೂ ಅನಕೃ ಅವರನ್ನೂ ಓದಿದ ಎಷ್ಟೋ ಜನ ಪುರುಷೋತ್ತಮನ ಕೈಹಿಡಿದೇ ಅಲ್ಲಿಗೆ ಬಂದವರು. ಆ ಋಣವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಟ್ಟಿವೆ. ಅದು ನನಗೆ ನೋವಿನ ಸಂಗತಿ.

ಈ ಮೇಜಿನ ಮೇಲೆ ಅಂಥದೊಂದು ಪ್ರತಿ ಇಟ್ಟಿದ್ದೇನೆ, ಚಹಾದ ಹೊತ್ತಿನಲ್ಲಿ ನೋಡಿ. ರಕ್ಷಾಪುಟ ಹೋಗಿದೆ, ಪಿನ್ನು ತುಕ್ಕು ಹಿಡಿದು ಕಾಗದವನ್ನೇ ತಿಂದಿದೆ. ಒಳಗೆ ಬಾಡಿಗೆ ಪುಸ್ತಕದಂಗಡಿಯ ನೇರಳೆ ಮುದ್ರೆ, ಯಾವ ಯಾವ ದಿನ ಹೋಯಿತು ಎಂಬ ಅಂಕಿಗಳ ಸಾಲು. ಹಾಳೆ ಕಂದಿ ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ನಡುವಿನ ಒಂದು ಪುಟದಲ್ಲಿ ಯಾರೋ ಪೆನ್ಸಿಲಿನಲ್ಲಿ ಒಂದು ಪಾತ್ರದ ಹೆಸರಿಗೆ ಗೆರೆ ಎಳೆದು, ‘ಇಂವನ ಮ್ಯಾಲ ಕಣ್ಣಿಡು’ ಎಂದು ಬರೆದಿದ್ದಾರೆ. ತನ್ನ ನಂತರ ಓದುವ ಅಪರಿಚಿತನಿಗೆ ಬರೆದದ್ದು. ಅದರ ಕೆಳಗೆ ಬೇರೆ ಕೈಬರಹ: ‘ಇಂವ ಅಲ್ಲ.’ ಪತ್ತೇದಾರಿ ಕಾದಂಬರಿಯ ವಿಮರ್ಶೆ ನಮ್ಮ ಊರುಗಳಲ್ಲಿ ನಡೆದದ್ದು ಹೀಗೆ, ಅಂಚಿನಲ್ಲಿ.

ವೀರಗಲ್ಲಿನ ವೀರನಿಗೂ ತಿಂಗಳ ಪುಸ್ತಕದ ವೀರನಿಗೂ ನಡುವೆ ನಿಂತ ಇನ್ನೊಬ್ಬನಿದ್ದಾನೆ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್, ‘ಸುಧಾ’ ವಾರಪತ್ರಿಕೆಯ ಮೂಲಕ ನಮ್ಮ ಮನೆಗಳಿಗೆ ಬಂದವನು. ಅವನು ಸಾಯುತ್ತಾನೆ, ಮಗ ಅದೇ ಮುಖವಾಡ ತೊಡುತ್ತಾನೆ, ಕಾಡಿನ ಜನ ಅವನನ್ನು ಅಮರ ಎಂದುಕೊಳ್ಳುತ್ತಾರೆ. ಬಹಳ ಜಾಣ ಕಲ್ಪನೆ. ಆದರೆ ಆ ಕಥೆಗಳಲ್ಲಿ ಕಾಡಿನವರನ್ನು ಕಾಪಾಡಲು ಬಿಳಿಯನೇ ಬರಬೇಕಿತ್ತು ಎಂಬುದನ್ನೂ ಈ ಸಂಕಿರಣ ಮಾತನಾಡಬೇಕು. ನಮ್ಮ ಕಾದಂಬರಿಗಳಲ್ಲೂ ದೋಷಗಳಿವೆ. ಕುರ್ಚಿಗೆ ಕಟ್ಟಿಹಾಕಿದ ಹೆಣ್ಣು, ಅಂಗವಿಕಲನಾದ್ದರಿಂದಲೇ ಖಳನಾದವನು, ಬುಡಕಟ್ಟಿನವನೆಂದರೆ ಕಳ್ಳ ಎಂಬ ಗ್ರಹಿಕೆ. ಈ ಪುಸ್ತಕಗಳನ್ನು ಪ್ರೀತಿಸುವ ನಾವೇ ಇದನ್ನು ಗಟ್ಟಿಯಾಗಿ ಹೇಳಬೇಕು.

ಇಂಥ ದೋಷಗಳನ್ನು ದಾಟಿಯೂ ಸಾಹಸದ ಸುಖ ಉಳಿಸಬಹುದು ಎಂದು ಪೂರ್ಣಚಂದ್ರ ತೇಜಸ್ವಿ ‘ಜುಗಾರಿ ಕ್ರಾಸ್’ನಲ್ಲಿ ಮಾಡಿ ತೋರಿಸಿದರು. ಏಲಕ್ಕಿ ಮಾರಲು ಹೊರಟ ಒಬ್ಬ ಸಾಮಾನ್ಯ ಕೃಷಿಕ ಮತ್ತು ಅವನ ಹೆಂಡತಿ, ಸುರೇಶ ಮತ್ತು ಗೌರಿ. ಪತ್ತೇದಾರರಲ್ಲ, ಮುಖವಾಡವಿಲ್ಲ, ಪಿಸ್ತೂಲು ಹಿಡಿದು ಗೊತ್ತಿಲ್ಲ. ಗೌರಿಯೂ ಜೊತೆಗೆ ಓಡುತ್ತಾಳೆ, ಜೊತೆಗೆ ಯೋಚಿಸುತ್ತಾಳೆ. ಕಾಡು, ರೈಲು, ಏಲಕ್ಕಿಯ ಬೆಲೆ, ಕಳ್ಳಸಾಗಣೆಯ ಜಾಲ ಯಾವುದೂ ಹಿನ್ನೆಲೆಯ ಪರದೆಯಾಗಿ ತೂಗುಬಿದ್ದಿಲ್ಲ, ಪ್ರತಿಯೊಂದೂ ಕಥೆಯನ್ನು ತಳ್ಳುತ್ತದೆ. ಮಲೆನಾಡನ್ನು ಬಲ್ಲವನು ಮಾತ್ರ ಬರೆಯಬಹುದಾದ ಓಟ ಅದು.

ಹಾಗಾದರೆ ನಮ್ಮ ಬಯಲುಸೀಮೆಯ ಓಟ ಎಲ್ಲಿದೆ? ಇಲ್ಲಿ ಕುಳಿತ ತರುಣರನ್ನು ನಾನು ನೇರವಾಗಿ ಕೇಳುತ್ತಿದ್ದೇನೆ. ಕಪ್ಪತಗುಡ್ಡ ನಿಮ್ಮ ಕಣ್ಣೆದುರಿಗಿದೆ. ಔಷಧಿ ಗಿಡಗಳ, ತೋಳ ಕತ್ತೆಕಿರುಬಗಳ ಗುಡ್ಡ. ಹಿಂದೆ ಚಿನ್ನಕ್ಕಾಗಿ ಅಗೆದದ್ದು, ಮೊನ್ನೆಮೊನ್ನೆಯವರೆಗೆ ಗಣಿಯವರ ಕಣ್ಣು ಬಿದ್ದದ್ದು, ಜನರ ಹೋರಾಟದ ನಂತರ 2019ರಲ್ಲಿ ವನ್ಯಜೀವಿ ಧಾಮವಾದದ್ದು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿದ್ದು ಮೇಯಲು ಹೊಲಗಳಿಗೆ ಹೋಗುವ ಆ ಹಕ್ಕಿಗಳ ಜಾಡು ಬಲ್ಲ ಕಾವಲುಗಾರನೊಬ್ಬ ಕಥೆಯ ನಾಯಕನಾಗಬಹುದು. ಲಕ್ಷ್ಮೇಶ್ವರದ ಹಳೆಯ ಶಾಸನಗಳನ್ನು ಓದಬಲ್ಲ ಹುಡುಗಿಯೊಬ್ಬಳು ಕದ್ದ ವಿಗ್ರಹದ ಬೆನ್ನು ಹತ್ತಬಹುದು. ಅದರ ಹಳೆಯ ಹೆಸರು ಪುಲಿಗೆರೆ, ಪುಲಿಗೆರೆಯ ಕನ್ನಡದಲ್ಲಿ ಬರೆದೆನೆಂದು ಪಂಪನೇ ಹೆಮ್ಮೆಪಟ್ಟ ಊರು, ಭಾಷೆಗೆ ಬರವಿಲ್ಲ. ಗದಗ ಜಂಕ್ಷನ್ನಿನಲ್ಲಿ ರಾತ್ರಿ ಗಾಡಿ ಬದಲಿಸುವ ಪ್ರಯಾಣಿಕ, ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವಾಗ ಕರಪತ್ರವೊಂದರಲ್ಲಿ ಗುಟ್ಟಿನ ಸಂಕೇತ ಕಂಡುಕೊಂಡ ನೌಕರ, ಎಷ್ಟು ಬೇಕು? ನಿಮ್ಮ ನಾಯಕ ಬೆಂಗಳೂರಿನ ಪೊಲೀಸ್ ಠಾಣೆಯಿಂದ ಜೀಪಿನಲ್ಲಿ ಇಳಿದು ಬರಬೇಕಾಗಿಲ್ಲ. ಭೀಮರಾಯನಿಗೆ ಸಿಗದ ಹೊರದಾರಿಯನ್ನು ನಿಮ್ಮ ಕಾಲದ ನಾಯಕಿಗೆ ನೀವು ಕಟ್ಟಿಕೊಡಬೇಕು. ಅಗ್ಗದ ಉಪಾಯದಿಂದ ಬೇಡ, ಅವಳ ಬುದ್ಧಿಯಿಂದ, ಈ ನೆಲದ ಪರಿಚಯದಿಂದ.

ಇನ್ನೊಂದು ಕೆಲಸ ಅವಸರದ್ದು. ಈ ಹಳೆಯ ಅಗ್ಗದ ಪುಸ್ತಕಗಳ ಕಾಗದದೊಳಗೇ ಆಮ್ಲವಿದೆ, ತಾನಾಗಿ ಸುಟ್ಟುಕೊಳ್ಳುತ್ತಾ ಹೋಗುತ್ತದೆ. ಗ್ರಂಥಾಲಯಗಳು ಇವನ್ನು ಕೊಳ್ಳುವ ಗೌರವ ಕೊಡಲಿಲ್ಲ, ಬಾಡಿಗೆ ಪುಸ್ತಕದಂಗಡಿಗಳು ಮುಚ್ಚಿ ರದ್ದಿಗೆ ಹಾಕಿದವು. ಉಳಿದವು ಮನೆಗಳ ಅಟ್ಟದ ಮೇಲಿವೆ. ಬೆಟಗೇರಿಯ ನೇಕಾರರ ಓಣಿಯಲ್ಲಿ, ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿಗಳ ನಿವೃತ್ತ ಮಾಸ್ತರರ ಟ್ರಂಕುಗಳಲ್ಲಿ ಇರಲೇಬೇಕು. ಮಧ್ಯಾಹ್ನದ ಗೋಷ್ಠಿಯಲ್ಲಿ ನಾಲ್ಕೂ ಊರುಗಳಿಗೆ ಒಂದೊಂದು ತಂಡ ಮಾಡೋಣ. ಪುಸ್ತಕ ಕೊಡಲು ಮನಸ್ಸಿಲ್ಲದವರ ಮನೆಯಲ್ಲೇ ಪ್ರತಿ ಪುಟದ ಚಿತ್ರ ತೆಗೆಯಬಹುದು, ಫೋನು ಸಾಕು. ಲೇಖಕ, ಪ್ರಕಾಶಕ, ಅಚ್ಚುಕೂಟ, ಬೆಲೆ, ನಾಯಕನ ಹೆಸರು, ಇಷ್ಟನ್ನು ಬರೆದಿಟ್ಟುಕೊಳ್ಳಿ. ಅಂಚಿನಲ್ಲಿ ಪೆನ್ಸಿಲಿನ ಬರಹ ಕಂಡರೆ ಅಳಿಸಬೇಡಿ, ಅದನ್ನೂ ಬರೆದುಕೊಳ್ಳಿ. ತಂಡಕ್ಕೆ ಹೆಸರು ಕೊಡುವವರು ಊಟಕ್ಕೆ ಮೊದಲು ನನ್ನನ್ನು ಕಾಣಿ.