ಊರು ಬಿಡುವವರ ಲೆಕ್ಕ

(ಕಂಪ್ಲಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಹಾಗೂ ಸಂಡೂರು ಬೆಟ್ಟದ ಹಳ್ಳಿಗಳ ಕೃಷಿಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಊರು ಬಿಟ್ಟು ಬೆಂಗಳೂರು ಸೇರುತ್ತಿರುವ ತರುಣರ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದಾಗ, ‘ಹೋಗಬೇಡಿರಿ’ ಎಂಬ ಉಪದೇಶವನ್ನು ಅವರು ನಿರೀಕ್ಷಿಸಿದ್ದರೇನೋ. ಅಂಥ ಉಪದೇಶ ನನ್ನಿಂದಾಗದು. ಓದಿಗಾಗಿ, ಹೊಸ ಬದುಕಿಗಾಗಿ ಊರು ಬಿಡುವುದು ಅಪರಾಧವೇನಲ್ಲ. ಆದರೆ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತುವವರಲ್ಲಿ ಬಯಸಿ ಹೊರಟವರೂ ಇದ್ದಾರೆ, ಊರಿನಲ್ಲಿ ಕೆಲಸವಿಲ್ಲದೆ ಹೊರಟವರೂ ಇದ್ದಾರೆ. ಈ ಎರಡನೆಯವರ ಕುರಿತೇ ನನ್ನ ಮಾತು.

ಐದು ನೂರು ವರ್ಷಗಳ ಹಿಂದೆ ಮಹಾನಗರವೇ ನಮ್ಮ ಪಕ್ಕದಲ್ಲಿತ್ತು. ಹೊಟ್ಟೆಪಾಡಿಗಾಗಿ ಜನರು ಹಂಪಿಗೆ ಬರುತ್ತಿದ್ದರು. ಆ ನಗರಕ್ಕೆ ಅನ್ನ ಒದಗಿಸಲು ತುಂಗಭದ್ರೆಯಿಂದ ತೆಗೆದ ಕಾಲುವೆಗಳಲ್ಲಿ ತುರ್ತ, ರಾಮಸಾಗರ, ಕಂಪ್ಲಿ ಕಾಲುವೆಗಳು ಇಂದಿಗೂ ಹರಿಯುತ್ತಿವೆ. 1565ರ ಅನಂತರ ನಗರ ಬರಿದಾಯಿತು. ಕಾಲುವೆಯ ಒಕ್ಕಲು ಉಳಿಯಿತು. ಏಕೆ ಉಳಿಯಿತೆಂಬುದನ್ನು ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಹಲವು ಬಾರಿ ಯೋಚಿಸಿದ್ದೇನೆ. ಆ ಕಾಲುವೆಗಳ ಕೆಳಗೆ ಬಾಳೆ, ಕಬ್ಬು, ವೀಳ್ಯದೆಲೆ, ನೆಲ್ಲು ಒಟ್ಟೊಟ್ಟಿಗೆ ಬೆಳೆಯುತ್ತಿದ್ದವು. ಎಲೆಬಳ್ಳಿಗೆ ದಿನವೂ ಕೈ ಬೇಕು. ಬಾಳೆಗೆ ಕಂದು ತೆಗೆಯಲು, ಗೊನೆ ಇಳಿಸಲು, ಗಾಳಿಗೆ ಬೀಳದಂತೆ ಊರುಗೋಲು ಕೊಡಲು ಆಳು ಬೇಕು. ಹೊಲವಿಲ್ಲದವನಿಗೂ ವರ್ಷದ ಬಹುಭಾಗ ಕೂಲಿ ದೊರೆಯುತ್ತಿತ್ತು.

1953ರಲ್ಲಿ ಅಣೆಕಟ್ಟಿನ ನೀರು ಬಂದ ಮೇಲೆ ನೀರಾವರಿ ವಿಸ್ತರಿಸಿತು, ಸಂಪತ್ತೂ ಬಂದಿತು. ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ನೆಲವೆಲ್ಲ ನೆಲ್ಲಿನ ಕಡೆಗೆ ವಾಲಿತು. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಕಬ್ಬಿನವರಿಗೂ ದಾರಿ ಕಿರಿದಾಯಿತು. ಬಳಿಕ ಕಟಾವು ಯಂತ್ರ ಬಂದಿತು. ಹತ್ತಾರು ಆಳುಗಳು ಬೆಳಗಿನಿಂದ ಸಂಜೆಯವರೆಗೆ ಕುಡುಗೋಲು ಹಿಡಿದು ಕೊಯ್ಯುತ್ತಿದ್ದ ಎಕರೆಯನ್ನು ಅದು ಒಂದೆರಡು ಗಂಟೆಯಲ್ಲಿ ಮುಗಿಸುತ್ತದೆ. ಯಂತ್ರ ತರಿಸಿದ ರೈತನನ್ನು ದೂರಲಾರೆ, ಮಳೆ ಮೋಡ ಕಂಡಾಗ ಅವನಿಗೆ ಬೇರೆ ಗತಿಯಿಲ್ಲ. ಆದರೂ ಆ ಹತ್ತಾರು ಆಳುಗಳು ಎಲ್ಲಿಗೆ ಹೋದರೆಂದು ಯಾರೂ ವಿಚಾರಿಸಲಿಲ್ಲ.

ಉಳಿದದ್ದು ಎರಡು ಬೆಳೆಯ ಆಸರೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ಹಳೆಯ ಗೇಟುಗಳ ಬದಲಾವಣೆಗಾಗಿ 2025-26ರಲ್ಲಿ ಎರಡನೆಯ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಕೆಲಸ ಆಗಲೇಬೇಕಾದದ್ದು. ಆದರೆ ನೀರಿಲ್ಲದ ಆರು ತಿಂಗಳಲ್ಲಿ ನಾಟಿಯ ಹೆಣ್ಣುಮಕ್ಕಳು ಏನು ಮಾಡಬೇಕು? ಗೇಟಿಗಿಂತಲೂ ನಿಧಾನವಾದ ಕೇಡು ಹೂಳಿನದು. ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿದೆ. ಮೇಲಿನ ಇಳಿಜಾರುಗಳ ಮಣ್ಣು ಕೆಳಗಿನವರ ಎರಡನೆಯ ಬೆಳೆಯನ್ನು ಹೀಗೆ ನುಂಗುತ್ತಿದೆ.

ಬೆಟ್ಟದವರಾದ ನಮ್ಮ ಕಥೆಯೂ ಭಿನ್ನವಲ್ಲ. ಗಣಿಯ ಕಾಲದಲ್ಲಿ ಹೊಲ ಮಾರಿ ಲಾರಿ ಕೊಂಡವರಿದ್ದರು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಅವರಿಗೆ ಲಾರಿಯ ಕಂತು ಉಳಿಯಿತು, ಹಿಂದಿರುಗಲು ಹೊಲ ಉಳಿಯಲಿಲ್ಲ. ಅವರೂ ಅದೇ ರೈಲು ಹತ್ತಿದರು.

ಗದ್ದೆಯ ನೀರಿನ ಮಟ್ಟವನ್ನು ಪಾದದಿಂದಲೇ ಅಳೆಯಬಲ್ಲ ತರುಣನಿಗೆ ಬೆಂಗಳೂರಿನ ಕಟ್ಟಡದಲ್ಲಿ ‘ಹೆಲ್ಪರ್’ ಎಂದು ಹೆಸರು. ಅವನ ವಿದ್ಯೆಗೆ ಅಲ್ಲಿ ಬೆಲೆಯಿಲ್ಲ, ಇಲ್ಲಿ ಅದನ್ನು ಕಲಿಯುವವರಿಲ್ಲ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದ ಮೇಲೆ, ಬಾಡಿಗೆ ಕೋಣೆಯಲ್ಲಿ ಅಕ್ಕಿ ತೀರಿದಾಗ, ಎಷ್ಟೋ ಜನರಿಗೆ ನೆನಪಾದದ್ದು ಊರೇ.

ಆದುದರಿಂದ ಹೊರಡುವವರಿಗೆ ಎರಡು ಮಾತು. ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಪಹಣಿಗೆ ಪೌತಿ ಖಾತೆ ಮಾಡಿಸಿಯೇ ಹೊರಡಿರಿ. ಅರ್ಧ ಎಕರೆಯಾದರೂ ಸರಿ, ಮಾರಬೇಡಿರಿ. ಕಟ್ಟಡ ಕೆಲಸಕ್ಕೆ ಸೇರಿದರೆ ತೊಂಬತ್ತು ದಿನ ದುಡಿದ ದಾಖಲೆಯನ್ನು ಜೋಪಾನ ಮಾಡಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಿರಿ. ಮೇಸ್ತ್ರಿ ಮಾಡಿಸುತ್ತಾನೆಂದು ಕಾಯಬೇಡಿರಿ.

ಉಳಿಯುವವರಿಗೆ ಹೇಳಬೇಕಾದದ್ದು ಹೆಚ್ಚಿದೆ. ಎರಡನೆಯ ನೀರು ಬಾರದ ವರ್ಷ ಕಪ್ಪುಮಣ್ಣಿನ ಗದ್ದೆಯನ್ನು ಬೀಳು ಬಿಡಬೇಕಾಗಿಲ್ಲ. ನೆಲ್ಲು ಕೊಯ್ದ ಮೇಲೆ ಉಳಿಯುವ ತೇವದಲ್ಲಿ ಕಡಲೆ, ಉದ್ದು ಬರುತ್ತವೆ. ತಡಮಾಡಿದರೆ ತೇವ ಆರುತ್ತದೆ. ಕೊಯ್ಲು ಮುಗಿದೊಡನೆ ಬಿತ್ತಬೇಕು. ಬೇಳೆಕಾಳು ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವುದರಿಂದ ಮುಂದಿನ ನೆಲ್ಲಿಗೂ ಲಾಭ. ಕೀಳಲು, ಬಡಿಯಲು ಕೈಗಳು ಬೇಕು. ಕೂಲಿ ಊರಿನಲ್ಲಿಯೇ ಉಳಿಯುತ್ತದೆ. ಬೆಟ್ಟದ ಬಂಧುಗಳು ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ ನವಣೆ, ಸಜ್ಜೆ ಬಿತ್ತಿದರೆ ಮಣ್ಣೂ ನಿಲ್ಲುತ್ತದೆ.

ನೀರಾವರಿ ಸಲಹಾ ಸಮಿತಿ ಸೇರುವಾಗ ಎಷ್ಟು ಟಿ.ಎಂ.ಸಿ., ಎಷ್ಟು ಎಕರೆ ಎಂಬ ಚರ್ಚೆ ನಡೆಯುತ್ತದೆ. ಎಷ್ಟು ಕೂಲಿದಿನ ಎಂದು ಕೇಳುವವರು ನೀವಾಗಬೇಕು. ಸದ್ಯಕ್ಕೆ, ಕೊಯ್ಲಿನ ನಂತರ ಯಾರ ಗದ್ದೆಗೆ ಎಷ್ಟು ಸೇರು ಕಡಲೆ ಬೀಜ ಬೇಕೆಂಬುದನ್ನು ಸಭೆ ಮುಗಿಯುವುದರೊಳಗೆ ಬರೆದುಕೊಡಿರಿ. ನಾಟಿಗೆ ಮುಂಚೆಯೇ ಬೀಜ ಹೊಂದಿಸಬೇಕಾಗಿದೆ.