ಚಿತ್ರ ನಿಂತರೆ ದೋಷ ಯಾರದು?

(ಸಂಸ್ಥೆಯ ಸ್ನೇಹ ಸಮ್ಮೇಳನದ ಅಂಗವಾಗಿ ಜರುಗಿದ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪಾಲಕರ ಸಭೆಯೆಂದರೆ ಹಾಜರಿ, ಅಂಕ, ಶಿಸ್ತು ಇವುಗಳ ಮಾತು ಬರುವುದು ರೂಢಿ. ಆದರೆ ಈ ವರ್ಷ ನನ್ನ ಕೋಣೆಗೆ ಬಂದ ಪಾಲಕರಲ್ಲಿ ಅನೇಕರು ಹೇಳಿಕೊಂಡ ತೊಂದರೆ ಬೇರೆಯದು. ಮನೆಗೆ ಇಂಟರ್‌ನೆಟ್ ತೆಗೆದುಕೊಂಡಿದ್ದೇವೆ, ತಿಂಗಳು ತಿಂಗಳು ಹಣ ಕಟ್ಟುತ್ತೇವೆ, ಆದರೂ ಟೀವಿಯಲ್ಲಿ ಪಾಠ ಹಚ್ಚಿದರೆ ಘಳಿಗೆಗೊಮ್ಮೆ ಚಿತ್ರ ನಿಂತು ಚಕ್ರ ತಿರುಗುತ್ತದೆ. ಕಂಪನಿಯವರು ಬೇಕೆಂದೇ ವೇಗವನ್ನು ಕುಗ್ಗಿಸುತ್ತಿರಬೇಕು ಎಂಬುದೇ ಆ ದೂರು.

ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ನಾವು ಮಹಾರಾಷ್ಟ್ರದಲ್ಲಿದ್ದು ಕನ್ನಡದಲ್ಲಿ ಕಲಿಯುವವರು. ಪುಣೆಯ ಬಾಲಭಾರತಿಯು ನಮಗೆ ಕನ್ನಡ ಪಠ್ಯಪುಸ್ತಕಗಳನ್ನು ಒದಗಿಸುತ್ತದೆ. ಆದರೆ ಪುಸ್ತಕದಾಚೆಯ ಕನ್ನಡ ಪಾಠ, ವಾರ್ತೆ, ನಾಟಕಗಳು ನಮ್ಮ ಮಕ್ಕಳ ಕಿವಿಗೆ ಬೀಳುವುದು ಬಹುಮಟ್ಟಿಗೆ ಈ ಮಾರ್ಗದಿಂದಲೇ. ಮೇಲಾಗಿ ಕಬ್ಬು ಕಡಿಯಲು ಹೋಗಿ ದುಡಿದು ತಂದ ಹಣದಿಂದ ಬಿಲ್ಲು ಕಟ್ಟುವ ಪಾಲಕರೂ ನಮ್ಮಲ್ಲಿದ್ದಾರೆ. ಆದುದರಿಂದ ದೋಷ ಎಲ್ಲಿದೆಯೆಂಬುದನ್ನು ನಿರ್ಣಯಿಸುವ ಬಗೆಯನ್ನು ತಮ್ಮ ಮುಂದಿಡಬೇಕೆಂದು ಬಯಸಿದೆ.

ಮೊದಲು ಚಿತ್ರವು ನಿಲ್ಲುವುದೇಕೆಂದು ನೋಡೋಣ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾದ ಜತ್ತ ತಾಲೂಕಿನವರಿಗೆ ಇದು ಸುಲಭವಾಗಿ ತಿಳಿಯುವಂಥದು. ಪಾಠವು ಇಡಿಯಾಗಿ ಬರುವುದಿಲ್ಲ; ಕೆಲವು ಕೆಲವು ಸೆಕೆಂದುಗಳ ತುಂಡುಗಳಾಗಿ ಬರುತ್ತದೆ. ಟೀವಿಯು ಅವನ್ನು ಮುಂಚಿತವಾಗಿ ಒಂದು ಹೌದಿನಲ್ಲಿ ತುಂಬಿಟ್ಟುಕೊಂಡು, ಅದರಿಂದ ತೋರಿಸುತ್ತ ಹೋಗುತ್ತದೆ. ಬರುವುದಕ್ಕಿಂತ ಖರ್ಚು ಹೆಚ್ಚಾದರೆ ಹೌದು ಬರಿದಾಗುತ್ತದೆ. ಆಗ ಚಕ್ರ ತಿರುಗುತ್ತದೆ. ಇದಕ್ಕೂ ಮೊದಲು ಟೀವಿಯು ತಾನಾಗಿಯೇ ಕಡಿಮೆ ತೂಕದ ಚಿತ್ರವನ್ನು ತರಿಸಿಕೊಂಡು ಸುಧಾರಿಸಲು ನೋಡುತ್ತದೆ. ಆದುದರಿಂದ ಚಿತ್ರವು ಮಸುಕಾದುದೇ ಮೊದಲನೆಯ ಸೂಚನೆ.

ವಿದ್ಯಾರ್ಥಿಗಳೇ, ಈಗ ಸ್ವಲ್ಪ ಅಂಕಗಣಿತ. ಸ್ಪಷ್ಟವಾದ ಚಿತ್ರಕ್ಕೆ ಸುಮಾರು 5 ಎಂಬಿಪಿಎಸ್ ವೇಗ ಸಾಕು. ಈ ವೇಗವನ್ನು ಬಿಟ್ಟುಗಳಲ್ಲಿ ಎಣಿಸುತ್ತಾರೆ. ಡೇಟಾ ಪ್ಯಾಕನ್ನು ಬೈಟುಗಳಲ್ಲಿ ಮಾರುತ್ತಾರೆ. 8 ಬಿಟ್ಟು ಸೇರಿ ಒಂದು ಬೈಟು. ದಿನಕ್ಕೆ 1.5 ಜೀಬಿಯ ಮೊಬೈಲು ಪ್ಯಾಕಿನಿಂದ ಟೀವಿ ನೋಡಿದರೆ ಅದು ಎಷ್ಟು ಹೊತ್ತು ಬಂದೀತು? 1500ನ್ನು 8ರಿಂದ ಗುಣಿಸಿ 5ರಿಂದ ಭಾಗಿಸಿರಿ: 2400 ಸೆಕೆಂದು, ಅಂದರೆ ನಲವತ್ತೇ ನಿಮಿಷ. ಮಿತಿ ಮುಗಿದ ಮೇಲೆ ಅನೇಕ ಪ್ಯಾಕುಗಳಲ್ಲಿ ವೇಗವು 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆಗ ಒಂದು ಸೆಕೆಂದಿನ ಚಿತ್ರ ಬರಲು 78 ಸೆಕೆಂದು ಬೇಕು! ಇದನ್ನು ಮೋಸವೆನ್ನಲಾಗದು, ಪ್ಯಾಕಿನ ಕರಾರಿನಲ್ಲಿಯೇ ಬರೆದಿರುತ್ತದೆ, ಬಹಳ ಸಣ್ಣ ಅಕ್ಷರಗಳಲ್ಲಿ ಎಂಬುದು ಬೇರೆ ಮಾತು. ಮನೆಯ ಫೈಬರಿಗೂ ತಿಂಗಳ ಮಿತಿಯೊಂದು ಇರಬಹುದು. ತಿಂಗಳ ಕೊನೆಯ ವಾರದಲ್ಲಿ ಮಾತ್ರ ತೊಂದರೆಯಾದರೆ ಮೊದಲು ಅದನ್ನೇ ನೋಡತಕ್ಕದ್ದು.

ಮಿತಿಯೂ ಮುಗಿದಿಲ್ಲವೆಂದರೆ ಮನೆಯೊಳಗೇ ಹುಡುಕಬೇಕು. ನಮ್ಮ ಪಾಲಕರೊಬ್ಬರು ಕಂಪನಿಯ ಮೇಲೆ ಸಿಟ್ಟಾಗಿ, ಕಂಬ ಹತ್ತಿ ದುಡಿಯುವ ಬಡ ಹುಡುಗನನ್ನು ಎರಡು ಸಲ ಗದರಿಸಿ ಕಳಿಸಿದ್ದರು. ಅವರ ಮಗಳು, ನಮ್ಮ ಒಂಬತ್ತನೆಯ ತರಗತಿಯವಳು, ರೌಟರಿನಿಂದ ಟೀವಿಗೆ ನೇರವಾಗಿ ತಂತಿ ಹಚ್ಚಿ ನೋಡಿದಳು. ಪಾಠವು ಒಂದು ತಾಸು ಎಲ್ಲಿಯೂ ನಿಲ್ಲದೆ ನಡೆಯಿತು! ರೌಟರನ್ನು ಕಬ್ಬಿಣದ ತಿಜೋರಿಯ ಹಿಂದೆ ಇಟ್ಟಿದ್ದರು; ನಡುವೆ ಒಂದೂವರೆ ಮೊಳದ ಕಲ್ಲಿನ ಗೋಡೆ ಬೇರೆ. ವೈಫೈಯ 5 ಗಿಗಾಹರ್ಟ್ಸ್ ಅಲೆಯು ಚುರುಕಾದುದು, ಆದರೆ ಗೋಡೆಯನ್ನು ದಾಟಲಾರದೆ ಸೊರಗುತ್ತದೆ, 2.4ರದು ದೂರ ಹೋಗುತ್ತದೆ, ಆದರೆ ನಿಧಾನ. ತಂತಿಯ ಪರೀಕ್ಷೆಯೊಂದರಿಂದಲೇ ಅರ್ಧ ತಕರಾರು ತೀರುತ್ತದೆಂದು ನನ್ನ ಅಭಿಪ್ರಾಯ.

ತಂತಿ ಹಚ್ಚಿದಾಗಲೂ ಚಿತ್ರ ನಿಂತರೆ? ಆಗ ಒಂದು ವಹಿ ಇಡಿರಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ ವೇಗವನ್ನು ಅಳೆದು, ದಿನಾಂಕ ಸಹಿತ ಬರೆಯಿರಿ. ಅಳೆಯುವಾಗ ಮನೆಯ ಇತರ ಫೋನುಗಳ ನೆಟ್ಟನ್ನು ಆರಿಸಿಡಬೇಕು. ರಾತ್ರಿ ಮಾತ್ರ ಎಲ್ಲವೂ ನಿಧಾನವಾದರೆ ಅದು ಸಂತೆಯ ದಿನದ ರಸ್ತೆಯಂತೆ, ಎಲ್ಲರೂ ಒಮ್ಮೆಲೇ ಬಂದುದರ ಇಕ್ಕಟ್ಟು. ಸಾಲದಷ್ಟು ಮಾರ್ಗವಿಟ್ಟುಕೊಂಡು ಗಿರಾಕಿಗಳನ್ನು ಕೂಡಿಸಿಕೊಂಡ ಕಂಪನಿಗೆ ಅದರ ಹೊಣೆ ಉಂಟು; ಆದರೆ ಅದು ಬೇಕೆಂದೇ ಕುಗ್ಗಿಸಿದ್ದಲ್ಲ. ಬೇರೆಲ್ಲವೂ ಚುರುಕಾಗಿದ್ದು ಒಂದೇ ಒಂದು ಆ್ಯಪು ಯಾವ ಹೊತ್ತಿನಲ್ಲಿಯೂ ತೆವಳುತ್ತಿದ್ದರೆ ಸಂಶಯಕ್ಕೆ ಎಡೆಯುಂಟು. ಅದನ್ನೂ ಪರೀಕ್ಷಿಸಬಹುದು. ಫಾಸ್ಟ್ ಡಾಟ್ ಕಾಮ್ ಎಂಬುದು ನೆಟ್‌ಫ್ಲಿಕ್ಸ್‌ನ ಯಂತ್ರಗಳಿಂದಲೇ ಬರುವ ವೇಗವನ್ನು ಅಳೆಯುತ್ತದೆ. ಇನ್ನೊಂದು ಮಾಪಕದೊಡನೆ ಅದನ್ನು ಹೋಲಿಸಿದರೆ ಅಂತರ ಕಾಣುತ್ತದೆ. ವಿಪಿಎನ್ ಮೂಲಕ ಹೋದಾಗ ಅದೇ ಆ್ಯಪು ಸರಾಗವಾಗಿ ನಡೆದರೆ ಸಂಶಯ ಬಲಗೊಳ್ಳುತ್ತದೆ. ಆದರೂ ದಾರಿ ಬದಲಾದುದರಿಂದಲೇ ಸರಿಹೋಗಿರಬಹುದು. ಅಷ್ಟಕ್ಕೇ ತೀರ್ಪು ಕೊಡಲಾಗದು.

ಕಳಿಸುವವರೇ ಗುಣವನ್ನು ಇಳಿಸಿದ ಉದಾಹರಣೆಯೂ ಇದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ, ಜಾಲದ ಮೇಲಿನ ಭಾರ ತಗ್ಗಲೆಂದು ಭಾರತದ ದೊಡ್ಡ ವಿಡಿಯೋ ಕಂಪನಿಗಳು ಮೊಬೈಲು ಜಾಲದಲ್ಲಿ 480ಪಿಗಿಂತ ಹೆಚ್ಚಿನ ಚಿತ್ರವನ್ನು ಏಪ್ರಿಲ್ 14ರ ವರೆಗೆ ಕೊಡಲಾರೆವೆಂದು ಒಪ್ಪಿಕೊಂಡವು.

ಹಾಗಾದರೆ ಕಂಪನಿಗಳು ಕದ್ದು ಕುಗ್ಗಿಸುವುದೇ ಇಲ್ಲವೆ? ಉಂಟು. ಅಮೇರಿಕೆಯಲ್ಲಿ 2007ರಲ್ಲಿ ರಾಬ್ ಟೊಪೊಲ್ಸ್ಕಿ ಎಂಬ ಸಂಗೀತಪ್ರೇಮಿಯು ಹಳೆಯ ಕಾಲದ ಹಾಡುಗಳನ್ನು ಬಿಟ್‌ಟೊರೆಂಟ್ ಮೂಲಕ ಹಂಚಿಕೊಳ್ಳುತ್ತಿದ್ದಾಗ, ಅವು ಹೋಗದಿರುವುದನ್ನು ಕಂಡನು. ಬೈಯುತ್ತ ಕೂಡಲಿಲ್ಲ, ಹೋಗಿ ಬರುವ ಒಂದೊಂದು ಪೊಟ್ಟಣವನ್ನೂ ಪರೀಕ್ಷಿಸಿದನು. ಕಾಮ್‌ಕಾಸ್ಟ್ ಕಂಪನಿಯು ನಡುವೆ ಬಾಯಿ ಹಾಕಿ ಸಂಪರ್ಕ ಕಡಿಯುತ್ತಿತ್ತು. ಅಸೋಸಿಯೇಟೆಡ್ ಪ್ರೆಸ್ ವಾರ್ತಾಸಂಸ್ಥೆಯು ಬೈಬಲ್ ಗ್ರಂಥದ ಪ್ರತಿಯನ್ನು ಕಳಿಸಲು ನೋಡಿ ಅದನ್ನೇ ಖಚಿತಪಡಿಸಿತು. 2008ರ ಆಗಸ್ಟಿನಲ್ಲಿ ಅಲ್ಲಿಯ ಸರಕಾರದ ಆಯೋಗವು ಕಂಪನಿಗೆ ತಡೆ ಹಾಕಿತು. ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು 2010ರಲ್ಲಿ ನ್ಯಾಯಾಲಯವು ಆ ಆಜ್ಞೆಯನ್ನು ತಳ್ಳಿಹಾಕಿದ್ದು ನಿಜ. ಆದರೆ ಅವನು ಅಳೆದು ತೋರಿಸಿದ್ದು ಸುಳ್ಳಾಗಲಿಲ್ಲ.

ನಮ್ಮ ದೇಶದಲ್ಲಿ ಟ್ರಾಯ್ ಸಂಸ್ಥೆಯು 2016ರ ಫೆಬ್ರುವರಿ 8ರಂದು, ನೋಡುವ ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ದರ ಹಾಕಬಾರದೆಂದು ನಿಯಮ ಮಾಡಿತು. ಯಾವುದೊಂದು ವಿಷಯವನ್ನು ತಡೆಯುವುದಾಗಲಿ ನಿಧಾನಗೊಳಿಸುವುದಾಗಲಿ ಸಲ್ಲದೆಂಬ ತತ್ವಕ್ಕೆ 2018ರ ಜುಲೈಯಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ಆದುದರಿಂದ ತಮ್ಮ ದೂರಿಗೆ ಆಧಾರವಿದೆ. ಮೊದಲು ಕಂಪನಿಯಲ್ಲಿಯೇ ದೂರು ಕೊಟ್ಟು ಅದರ ಸಂಖ್ಯೆಯನ್ನು ಬರೆದುಕೊಳ್ಳಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. 1915 ಎಂಬ ಗ್ರಾಹಕ ಸಹಾಯವಾಣಿಯೂ ಇದೆ. ಇನ್ನೊಬ್ಬ ಪಾಲಕರು ಹನ್ನೆರಡು ದಿನಗಳ ವಹಿಯನ್ನು ದೂರಿಗೆ ಜೋಡಿಸಿದ್ದರು. 50 ಎಂಬಿಪಿಎಸ್ ಎಂದು ಕೊಟ್ಟ ಸಂಪರ್ಕವು ರಾತ್ರಿ ಹೊತ್ತು, ತಂತಿಯ ಮೇಲೂ, 8ನ್ನು ದಾಟಿರಲಿಲ್ಲ. ಕಂಪನಿಯು ವಾದಿಸಲು ಹೋಗಲಿಲ್ಲ. ಒಂದು ತಿಂಗಳ ಹಣವನ್ನು ಮುಂದಿನ ಬಿಲ್ಲಿನಲ್ಲಿ ಕಳೆದು, ಅವರ ಓಣಿಯ ಸಂಪರ್ಕಗಳನ್ನು ಎರಡು ಪಾಲು ಮಾಡಿತು.

ಈಥರ್‌ನೆಟ್ ತಂತಿಯು ಎಲ್ಲರ ಮನೆಯಲ್ಲಿಯೂ ಇರಲಿಕ್ಕಿಲ್ಲ. ಶಾಲೆಯ ವಿಜ್ಞಾನ ಕೋಣೆಯಲ್ಲಿ ಹತ್ತು ಮೀಟರಿನ ಎರಡು ತಂತಿಗಳಿವೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹೆಸರು ಬರೆಯಿಸಿ ಒಯ್ದು, ಸೋಮವಾರ ತಂದುಕೊಡಬಹುದು. ವಹಿಯ ಪುಟವನ್ನು ಹೇಗೆ ಗೆರೆ ಹಾಕಿ ಇಡಬೇಕೆಂಬುದನ್ನು ಒಂಬತ್ತನೆಯ ತರಗತಿಯವರು ಈ ಸಭೆ ಮುಗಿದೊಡನೆ ಹಲಗೆಯ ಮೇಲೆ ತೋರಿಸುವರು.